ಸೀಸಕ್ಕೆ ಬೆಲ್ಲದ ಮದ್ದು

ನಿನ್ನೆ ನಮ್ಮ ಹಾಸನದ ಮನೆಗೆ ಇನ್ವರ್ಟರ್ ಬ್ಯಾಟರಿ ಬದಲಿಸಲು ಮೆಕ್ಯಾನಿಕ್ ಒಬ್ಬರು ಬಂದಿದ್ದರು. ಹಳೆಯ ಬ್ಯಾಟರಿಯ ಮುಚ್ಚಳ ತೆಗೆದದ್ದೇ ತಡ, ಗಂಟಲಿಗೆ ಇಳಿಯುವ ಹುಳಿ ವಾಸನೆ. ನೀವಾಗಿದ್ದರೆ ಕಿಟಕಿ ತೆಗೆಯುತ್ತಿದ್ದಿರಿ. ನನಗೋ ಬಾಯಲ್ಲಿ ನೀರೂರಿತು. ನಗಬೇಡಿ, ಅದು ನನ್ನ ಚಿಕ್ಕಪ್ಪನ ಅಂಗಡಿಯ ವಾಸನೆ, ಆ ಅಂಗಡಿಯಲ್ಲಿ ಸಂಜೆಗೆ ಬೆಲ್ಲ ಸಿಗುತ್ತಿತ್ತು.

ಚನ್ನರಾಯಪಟ್ಟಣದಲ್ಲಿ ಚಿಕ್ಕಪ್ಪ ಹಳೆಯ ಲಾರಿ ಬ್ಯಾಟರಿಗಳನ್ನು ಒಡೆದು, ಸೀಸ ಕರಗಿಸಿ, ಹೊಸ ಪ್ಲೇಟು ಎರಕ ಹೊಯ್ಯುತ್ತಿದ್ದರು. ಬಾಗಿಲು ಮುಚ್ಚಿಯೇ ಕೆಲಸ. ಗಾಳಿಗೆ ಒಲೆ ಆರುತ್ತದಂತೆ. ಸಂಜೆ ಅಚ್ಚುಬೆಲ್ಲ ಒಡೆದು ಕೆಲಸದವರ ಅಂಗೈಗೆ ತಾವೇ ಹಾಕುವರು. “ಧೂಳೆಲ್ಲ ಬೆಲ್ಲಕ್ಕೆ ಅಂಟ್ಕಂಡು ಒಂಟೋಯ್ತದೆ ಕಣ್ಲಾ, ತಿನ್ನು!” ಕೈ? ಪ್ಯಾಂಟಿಗೆ ಒರೆಸಿದರೆ ಶುಚಿಯಾದ ಹಾಗೆ. ಕಾಲೇಜಿಗೆ ಚಕ್ಕರ್ ಹೊಡೆದು ಆ ಬೆಲ್ಲಕ್ಕೆ ಕೈಯೊಡ್ಡಿದವರಲ್ಲಿ ನಾನೂ ಒಬ್ಬ. ಜಾಣತನ ನಮ್ಮ ವಂಶದಲ್ಲೇ ಹರಿದುಬಂದಿದೆ.

ಹೊಟ್ಟೆ ಹಿಂಡುವ ನೋವು ಶುರುವಾದಾಗ ಚಿಕ್ಕಪ್ಪ ತಪ್ಪಿತಸ್ಥರನ್ನು ಹುಡುಕಲು ದೂರ ಹೋಗಲಿಲ್ಲ. “ಒಳೆನರಸೀಪುರದೋರ್ಗೆ ಕಾರ ಒಂದೇ ಗೊತ್ತಿರಾದು. ನಿನ್ ಉಳ್ಳಿಕಾಳ್ ಸಾರೇ ನನ್ ಒಟ್ಟೆ ಕೆಡ್ಸಿದ್ದು ಕಣೇ!” ಎಂದು ಆ ಊರಿನಿಂದ ಬಂದ ಚಿಕ್ಕಮ್ಮನ ಮೇಲೆ ಹರಿಹಾಯ್ದರು. ಪಾಪ, ಆಕೆ ಮೆಣಸಿನಕಾಯಿ ಕಡಿಮೆ ಮಾಡಿದರು, ಹುಣಸೆ ಬಿಟ್ಟರು. ಕೊನೆಗೆ ಆ ಮನೆಯ ಸಾರು ಬಿಸಿನೀರಿಗೆ ತಮ್ಮನಾಯಿತು. ನೋವು ಮಾತ್ರ ಇಳಿಯಲಿಲ್ಲ. ಊರಿಗೇ ಅಡುಗೆಯಲ್ಲಿ ಸೈ ಎನಿಸಿಕೊಂಡಿದ್ದವರು ನೆಂಟರು ಬಂದರೆ ಒಲೆ ಹಚ್ಚಲು ಹೆದರತೊಡಗಿದರು. ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಒಂದು ಭಾನುವಾರ ಇಸ್ಪೀಟಾಡುತ್ತಿದ್ದಾಗ ಚಿಕ್ಕಪ್ಪನ ಬಲಗೈ ಮಣಿಕಟ್ಟಿನಿಂದ ಜೋತುಬಿದ್ದು ಎಲೆಗಳೆಲ್ಲ ಚೆಲ್ಲಿದವು. ಎದುರಾಳಿಗಳು ಮೊದಲು ಎಲೆ ನೋಡಿಕೊಂಡರು, ಆಮೇಲೆ ಕೈ ನೋಡಿದರು.

ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವಸಡಿನ ಮೇಲಿನ ನೀಲಿ ಗೆರೆ ನೋಡಿ, ಕಸುಬು ಕೇಳಿ, ರಕ್ತ ಪರೀಕ್ಷೆ ಮಾಡಿಸಿದರು. ರಕ್ತದ ತುಂಬ ಸೀಸ.

“ಅದೆಂಗ್ ಮೇಡಂ? ದಿನಾ ಬೆಲ್ಲ ತಿಂದಿವ್ನಿ!” ಎಂದರು ಚಿಕ್ಕಪ್ಪ.

“ಕೈ ತೊಳೆದು ತಿಂತಿದ್ರಾ?”

“ಮನೆಗೋದ್ಮೇಲೆ ತೊಳೀತೀನಲ್ಲ.”

ಉಸಿರಿನಲ್ಲಿ ಹೊಗೆ, ಬೆಲ್ಲದ ಜೊತೆ ಧೂಳು. ಹೊಟ್ಟೆನೋವಿಗೂ ಕೈ ಸೋತದ್ದಕ್ಕೂ ಅದೇ ಕಾರಣ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಚಿಕ್ಕಮ್ಮ ಎದ್ದು ನಿಂತರು. “ಅಂಗಾರೆ ನನ್ ಸಾರಿಂದಲ್ವಾ?”

“ಅಲ್ಲಮ್ಮ.”

“ಅದ್ನೂ ಔಷ್ದಿ ಚೀಟೀಲಿ ಬರ್ದ್ಕೊಡಿ ತಾಯಿ. ಇವ್ರು ನನ್ ಮಾತ್ ನಂಬಾಕಿಲ್ಲ!”

ಎಲ್ಲರೂ ನಕ್ಕೆವು. ಚಿಕ್ಕಪ್ಪ ನಗಲಿಲ್ಲ. “ನನ್ ಕೈಯಾರೆ ಉಡುಗ್ರಿಗೂ ತಿನ್ನಿಸ್ಬುಟ್ನಲ್ಲಪ್ಪಾ” ಎಂದರು. ಮರುದಿನವೇ ನನ್ನನ್ನೂ ಸೇರಿಸಿ ಕೆಲಸದವರನ್ನೆಲ್ಲ ರಕ್ತ ಪರೀಕ್ಷೆಗೆ ಅದೇ ಆಸ್ಪತ್ರೆಗೆ ಕರೆತಂದರು, ಅಂಗಡಿಗೆ ಬೀಗ ಹಾಕಿದರು. ಅವರ ಕೈಗೆ ಬಲ ಅರ್ಧ ಮಾತ್ರ ಮರಳಿತು. ಈಗಲೂ ಚಿಕ್ಕಮ್ಮನೇ ಮುದ್ದೆ ಮುರಿದು, ಖಾರದ ಹುರುಳಿ ಸಾರಿನಲ್ಲಿ ಅದ್ದಿ ತಿನ್ನಿಸುತ್ತಾರೆ. ಚಿಕ್ಕಪ್ಪ ಕಣ್ಣೀರು ಸುರಿಸುತ್ತಲೇ ನುಂಗುತ್ತಾರೆ. ಖಾರಕ್ಕೋ ಏನೋ, ನಾನು ಕೇಳಿಲ್ಲ.

ನಿನ್ನೆ ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ತಿನ್ನಲು ಕೊಟ್ಟ ಕೋಡುಬಳೆಗೆ ಕೈ ಹಾಕಿದಾಗ ನಾನು ತಟ್ಟೆ ಹಿಂದಕ್ಕೆಳೆದು, “ಮೊದ್ಲು ಕೈ ತೊಳ್ಕೊಳ್ಳಿ” ಎಂದುಬಿಟ್ಟೆ.

“ಯಾಕ್ ಸಾ, ನಾವ್ ಮುಟ್ಟಿದ್ರೆ ತಟ್ಟೆ ಸವೆದೋಯ್ತದಾ?”

ನನ್ನ ಮುಖ ಕೆಂಪಾಯಿತು. ಸೋಪು ಹಿಡಿದು ನಲ್ಲಿಯ ಮುಂದೆ ನಾನೇ ಮೊದಲು ನಿಂತೆ. ಅವರೂ ನಗುತ್ತ ಪಕ್ಕಕ್ಕೆ ಬಂದರು. ಕೈ ಉಜ್ಜುತ್ತ ಚಿಕ್ಕಪ್ಪನ ಕಥೆ ಹೇಳಿದೆ. ನನ್ನ ಕೈಯಿಂದ ಇಳಿದ ನೀರು ತಿಳಿಯಾಗಿತ್ತು. ಅವರದು ಬೂದಿ ಬಣ್ಣ, ಎಷ್ಟು ಉಜ್ಜಿದರೂ ತಿಳಿಯಾಗಲಿಲ್ಲ.

ಅದನ್ನೇ ನೋಡುತ್ತ ಅವರ ನಗು ನಿಂತಿತು. “ಇನ್ನೊಂದ್ ಸಲ ಸೋಪ್ ಕೊಡಿ ಸಾ” ಎಂದರು.