ಇಟ್ಟಿಗಿಯ ನಾಗವ್ವನ ದೂರದ ಎಸೆತ

ಹರಪನಹಳ್ಳಿ ಬಸ್ ಸ್ಟ್ಯಾಂಡ್ ಪಕ್ಕದ ಆಟದ ಸಾಮಾನಿನ ಅಂಗಡಿಯಿಂದ ಹೊಸ ರಬ್ಬರ್ ಚೆಂಡಿನ ವಾಸನೆ ಬಂದರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮೊನ್ನೆಯೂ ನಿಂತೆ, ಕೈಯಲ್ಲಿ ಮೆಂತ್ಯ ಸೊಪ್ಪಿನ ಚೀಲ. ನನ್ನನ್ನು ಆಟಗಾರ್ತಿ ಅಂದುಕೊಳ್ಳಬೇಡಿ. ಐದಡಿಯ ನಾನು ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾಡಿದ್ದೆಲ್ಲ ಹೊರಗೆ ಹೋದ ಚೆಂಡು ತಂದುಕೊಡುವ ಕೆಲಸ. ಎಸೆಯುತ್ತಿದ್ದವಳು ನನ್ನ ಗೆಳತಿ ನಾಗವ್ವ.

ಇಟ್ಟಿಗಿ ಹಳ್ಳಿಯಿಂದ ನಮ್ಮ ಹೈಸ್ಕೂಲಿಗೆ ಬಂದಾಗಲೇ ಅವಳು ಮೇಷ್ಟ್ರಿಗಿಂತ ಎತ್ತರ. ಜನ ನೋಡುತ್ತಾರೆಂದು ಬೆನ್ನು ಬಗ್ಗಿಸಿ ನಡೆಯುತ್ತಿದ್ದಳು. "ನೆಟ್ಟಗ ನಿಂದ್ರವ್ವಾ, ಎತ್ತರ ಏನು ಕದ್ದು ತಂದೀಯೇನು?" ಎಂದು ಪಿ.ಟಿ. ಮೇಷ್ಟ್ರು ಚೆಂಡು ಕೈಗಿಟ್ಟರು. ಮೈದಾನದಲ್ಲಿ ಚೆಂಡು ಹಾಕುವ ಬುಟ್ಟಿಯ ಕೆಳಗಿನ ನೆಲ ಕುಸಿದು ಗುಂಡಿ ಬಿದ್ದಿತ್ತು, ಯಾರೂ ಮುಚ್ಚಿಸಲಿಲ್ಲ. ಹತ್ತಿರ ಹೋಗಲಾಗದೆ ಅವಳು ದೂರದಿಂದಲೇ ಎಸೆಯಲು ಕಲಿತಳು.

ಮುಂದೆ ದೊಡ್ಡ ಊರಿನ ವೃತ್ತಿಪರ ತಂಡ ಸೇರಿದಳು, ಸೆಂಟರ್ ಆಗಿ. ಸೆಂಟರ್ ಅಂದರೆ ಬುಟ್ಟಿಯ ಕೆಳಗೇ ನಿಂತು, ತಳ್ಳಾಟದ ನಡುವೆ ಹಾರಿ ಚೆಂಡು ಹಿಡಿಯಬೇಕಾದ ಎತ್ತರದವಳು. ದೂರದಿಂದ ಎಸೆದರೆ ಕೋಚ್ ಬೈಯುತ್ತಿದ್ದರಂತೆ. ಏಳು ವರ್ಷ ಅವರ ಮಾತು ಕೇಳಿದಳು. ಒಮ್ಮೆ ಹಾರಿ ಇಳಿಯುವಾಗ ಮೊಣಕಾಲು ತಿರುಚಿಕೊಂಡಿತು, ಆಪರೇಷನ್ ಆಯಿತು.

ಫೋನಿನಲ್ಲಿ ಅತ್ತಳು. "ಇನ್ನ ಮೊದಲಿನಂಗ ಹಾರಾಕ ಆಗಂಗಿಲ್ಲಂತ. ಏನ್ ಮಾಡ್ಲಿ ಹೇಳು?"

"ಸಾಕು ಬಿಡು, ಊರಿಗೆ ಬಂದುಬಿಡು," ಅಂದೆ. ದೊಡ್ಡ ಸಮಾಧಾನ ಹೇಳಿದೆನೆಂದು ನನಗೆ ಹೆಮ್ಮೆ ಬೇರೆ. ಆಮೇಲೆ ಎಷ್ಟೋ ತಿಂಗಳು ಅವಳ ಫೋನ್ ಬರಲಿಲ್ಲ.

ಅಲ್ಲಿ ಅವಳು ದಿನಾ ದೂರದಿಂದ ಚೆಂಡು ಎಸೆಯುತ್ತಿದ್ದಳೆಂದು ತಡವಾಗಿ ತಿಳಿಯಿತು. ಕಾಲು ನೆಲ ಬಿಡದಂತೆ, ಬರೀ ಕೈಯಿಂದ. ಮರುವರ್ಷ ಕೋಚ್ ಅರೆಮನಸ್ಸಿನಿಂದ ಆಟಕ್ಕಿಳಿಸಿದರು. ಅಷ್ಟು ದೂರ ನಿಂತ ಸೆಂಟರನ್ನು ಯಾರು ಕಾವಲು ಕಾಯುತ್ತಾರೆ? ಎಸೆದದ್ದೆಲ್ಲ ಬುಟ್ಟಿಗೆ. ಅವಳನ್ನು ತಡೆಯಲು ಎದುರಾಳಿಗಳ ಎತ್ತರದವಳು ಬುಟ್ಟಿಯ ಬಳಿಯಿಂದ ಹೊರಗೆ ಬರಬೇಕಾಯಿತು. ಖಾಲಿಯಾದ ಜಾಗಕ್ಕೆ ನಾಗವ್ವನ ಜೊತೆಯವರು ನುಗ್ಗಿದರು. ಹೀಗೆ ಇನ್ನೂ ಆರು ವರ್ಷ ಆಡಿದಳು.

ಈಗ ಆಟ ಬಿಟ್ಟು ಹರಪನಹಳ್ಳಿಯಲ್ಲೇ ಹುಡುಗಿಯರಿಗೆ ಕಲಿಸುತ್ತಾಳೆ. ಮೊನ್ನೆ ಅಂಗಡಿಯ ಮುಂದಿನಿಂದ ಸೀದಾ ಅವಳ ಮೈದಾನಕ್ಕೆ ನಡೆದೆ. ವರ್ಷಗಟ್ಟಲೆ ನುಂಗಿಕೊಂಡಿದ್ದ ಮಾತು ಹೊರಬಿತ್ತು. "ಅವತ್ತು ಬಂದುಬಿಡು ಅಂದಿದ್ದೆ. ತಪ್ಪಾತು ನಾಗವ್ವ."

ಅವಳು ನಕ್ಕಳು. "ನೀ ಅಂದಿದ್ದಕ್ಕ ಬ್ಯಾಗು ತುಂಬಿಟ್ಟಿದ್ದೆ ಲೇ. ಮೊಣಕಾಲು ಬಗ್ಸಾಕ ಆಗ್ದ ಬಸ್ಸು ಹತ್ತಲಿಲ್ಲ, ಅಷ್ಟ."

ನನಗೆ ನಗು ಬರಲಿಲ್ಲ. ಸೊಪ್ಪಿನ ಚೀಲ ಕೆಳಗಿಟ್ಟು ಅವಳ ಪಕ್ಕ ಕುಳಿತೆ. ಅಷ್ಟರಲ್ಲಿ ಹುಡುಗಿಯೊಬ್ಬಳು ಕಾಲು ಉಳುಕಿಸಿಕೊಂಡು ಅಳುತ್ತ ಬಂದಳು. ಸಮಾಧಾನ ಹೇಳಲು ತೆರೆದ ಬಾಯಿ ಮುಚ್ಚಿಕೊಂಡು, ಅವಳಿಗೆ ಕುಡಿಯಲು ನೀರು ಕೊಟ್ಟೆ.