ಮಾರ್ತಮ್ಮನ ಹನ್ನೆರಡು ವಾಕ್ಯ

ಆಗ ನಾವು ಅಮೆರಿಕದ ಸಾಂಟಾ ಕ್ಲಾರಾದ ಒಂದು ಹಳೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಶಾಲೆಯಿಂದ ಬಂದು ಮೆಟ್ಟಿಲು ಹತ್ತಿದರೆ ಎಡಗಡೆಯಿಂದ ಅಜ್ಜಿಯ ಒಗ್ಗರಣೆಯ ಘಮ, ಬಲಗಡೆಯಿಂದ ಮಾರ್ತಾ ಆಂಟಿ ಬೇಯಿಸುವ ಮೆಕ್ಕೆಜೋಳದ ರೊಟ್ಟಿಯ ಘಮ. ಯಾವ ಬಾಗಿಲು ತಟ್ಟಲಿ ಎಂದು ತೋಚದೆ ನಿಲ್ಲುತ್ತಿದ್ದ ಕಾಲ ಅದು. ಬಾಲ್ಯವನ್ನು ಎಲ್ಲರೂ ನಗುನಗುತ್ತಾ ನೆನೆಯುತ್ತಾರಂತೆ. ನನಗೆ ಆಗುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ನಾನು ಮಾಡಿದ ಒಂದು ಎಡವಟ್ಟಿಗೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ.

ಮಾರ್ತಾ ಆಂಟಿ ಮೆಕ್ಸಿಕೋದವರು, ಎದುರು ಮನೆಯವರು. ಅಪ್ಪ ಅಮ್ಮ ಆಫೀಸಿನಿಂದ ಬರುವವರೆಗೆ ನನ್ನನ್ನು ನೋಡಿಕೊಳ್ಳುತ್ತಿದ್ದವರು ಅವರೇ, ನಾನು ಕೈಗೂಸಾಗಿದ್ದಾಗಿನಿಂದ. ನನ್ನನ್ನು ‘ಮಿಹಾ’ ಎಂದು ಕರೆಯುತ್ತಿದ್ದರು, ಅಂದರೆ ಅವರಲ್ಲಿ ಮಗಳೇ ಎಂದು. ಆ ವರ್ಷ ಮಂಡ್ಯದಿಂದ ಆರು ತಿಂಗಳಿಗೆಂದು ಬಂದಿದ್ದ ಅಜ್ಜಿಗೆ ಅವರು ಮಾರ್ತಮ್ಮ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಇಬ್ಬರೂ ಕಡಲೆಕಾಯಿ ಸುಲಿಯುತ್ತಾ ಗಂಟೆಗಟ್ಟಲೆ ಹರಟುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಮಾರ್ತಾ ಆಂಟಿಗೆ ಪೂರ್ತಿ ದಿನದ ಕೆಲಸ ಬೇಕೇಬೇಕಿತ್ತು. ಸಿಗದಿದ್ದರೆ ಟೆಕ್ಸಾಸಿನ ತಮ್ಮನ ಮನೆಗೆ ಹೋಗಿಬಿಡುತ್ತೇನೆ ಎಂದಿದ್ದರು. ನಮ್ಮ ಬೀದಿಯ ಕೊನೆಯಲ್ಲಿದ್ದ ಡೇಕೇರಿನಲ್ಲಿ ಒಂದು ಜಾಗ ಖಾಲಿ ಇತ್ತು, ಆದರೆ ಇಂಟರ್‌ವ್ಯೂ ಇಂಗ್ಲಿಷಿನಲ್ಲಿ. ಅವರು ಹೊರಟುಹೋದರೆ ನಾನು ಸತ್ತೇ ಹೋಗುತ್ತೇನೆ ಎಂದು ನಾನು ನಂಬಿದ್ದೆ. ಊಟ ಸೇರುತ್ತಿರಲಿಲ್ಲ, ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದೆ.

ಅವರ ಇಂಗ್ಲಿಷಿಗೆ ಅಡ್ಡಗಾಲಾಗಿದ್ದು ‘ಗೆಟ್’ ಎಂಬ ಒಂದೇ ಒಂದು ಕ್ರಿಯಾಪದ. ಸಿಕ್ಕಿದರೂ ಗೆಟ್, ತಲುಪಿದರೂ ಗೆಟ್, ಅರ್ಥವಾದರೂ ಗೆಟ್, ಬಸ್ಸಿನಿಂದ ಇಳಿದರೂ ಗೆಟ್, ಜ್ವರ ಬಂದರೂ ಗೆಟ್. ಸ್ಪ್ಯಾನಿಷಿನಲ್ಲಿ ಸಿಗುವುದಕ್ಕೆ ‘ರೆಸಿಬಿರ್’, ತಲುಪುವುದಕ್ಕೆ ‘ಯೆಗಾರ್’, ಅರ್ಥವಾಗುವುದಕ್ಕೆ ‘ಎಂತೆಂದೇರ್’ ಎಂದು ಒಂದೊಂದಕ್ಕೂ ಒಂದೊಂದು ಮಾತಿದೆ. ಇಷ್ಟು ದೊಡ್ಡ ದೇಶದಲ್ಲಿ ಪದಗಳಿಗೇಕೆ ಇಷ್ಟು ಬರ ಎಂದು ಅವರು ಹಣೆ ಒತ್ತಿಕೊಳ್ಳುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಈ ಕಡೆ ಇಂಗ್ಲಿಷು, ಆ ಕಡೆ ಸ್ಪ್ಯಾನಿಷು ಬರೆದುಕೊಟ್ಟೆ. ಇವತ್ತು ಹೇಳಿದ್ದು ನಾಳೆಗೆ ಮರೆತುಹೋಗುತ್ತಿತ್ತು.

ಉಪಾಯ ಹೇಳಿದವಳು ಅಜ್ಜಿ. ನನಗೆ ಮಗ್ಗಿ ಕಲಿಸಿದವಳೂ ಅವಳೇ.

"ಬಾಯಿಪಾಠ ಮಾಡ್ಸು ಕಣವ್ವ. ಕೈ ಕಟ್ಕಂಡು ಒಪ್ಪಿಸ್ಲಿ. ಮಧ್ಯದಲ್ಲಿ ನಿಂತ್ರೆ ಮೊದಲಿಂದ."

ಅವರ ಕೆಲಸದ ಬಗ್ಗೆಯೇ ಹನ್ನೆರಡು ವಾಕ್ಯ ಮಾಡಿದೆ, ಒಂದೊಂದರಲ್ಲೂ ಒಂದೊಂದು ಬಗೆಯ ಗೆಟ್. ಬೆಳಿಗ್ಗೆ ಏಳಕ್ಕೆ ತಲುಪುತ್ತೇನೆ. ಮಕ್ಕಳಿಗೆ ನೀರು ತಂದುಕೊಡುತ್ತೇನೆ. ಮಗುವಿಗೆ ಜ್ವರ ಬಂದರೆ ಅಮ್ಮನನ್ನು ಕರೆಸುತ್ತೇನೆ. ಹೀಗೇ ಸಾಗಿ ಹನ್ನೆರಡನೆಯದು: ಸಂಜೆ ಅಮ್ಮ ಬಂದ ಮೇಲೆ ನಾನು ಮನೆ ಸೇರುತ್ತೇನೆ. ಐವತ್ತು ದಾಟಿದ ಹೆಂಗಸು ನನ್ನ ಮುಂದೆ ಕೈಕಟ್ಟಿ ನಿಂತು ಒಪ್ಪಿಸಿದರು. ತಡವರಿಸಿದರೆ, ಕೆಮ್ಮಿದರೆ, ಫೋನು ಬಡಿದುಕೊಂಡರೆ ನಾನು ಮೊದಲಿಂದ ಹೇಳಿಸಿದೆ. ಎಷ್ಟು ಕಟ್ಟುನಿಟ್ಟು ನಾನು! ಎರಡು ವಾರದಲ್ಲಿ ಹನ್ನೆರಡೂ ನೀರು ಕುಡಿದಷ್ಟು ಸಲೀಸಾದವು.

ಇಂಟರ್‌ವ್ಯೂಗೆ ನಾನೂ ಅಜ್ಜಿಯೂ ಜೊತೆಗೆ ಹೋಗಿ ಬಾಗಿಲ ಹೊರಗೆ ಕುಳಿತೆವು. ಬಾಗಿಲು ಅರ್ಧ ತೆರೆದಿತ್ತು. ಡೇಕೇರಿನ ಮುಖ್ಯಸ್ಥೆ ಒಳ್ಳೆಯ ಹೆಂಗಸೇ. ನಿಮ್ಮ ಕೆಲಸದ ಬಗ್ಗೆ ಹೇಳಿ ಎಂದರು. ಮಾರ್ತಾ ಆಂಟಿ ಎದ್ದುನಿಂತು ಕೈಕಟ್ಟಿಕೊಂಡರು. ಐದನೇ ವಾಕ್ಯದಲ್ಲಿ ಮುಖ್ಯಸ್ಥೆ ನಗುತ್ತಾ, ನೀವು ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತೀರಿ ಎಂದು ಕೇಳಿದರು. ಆಂಟಿ ಗಕ್ಕನೆ ನಿಂತರು. ಆಮೇಲೆ ಮೊದಲಿಂದ ಶುರುಮಾಡಿದರು. ಬೆಳಿಗ್ಗೆ ಏಳಕ್ಕೆ ತಲುಪುತ್ತೇನೆ.

ಮುಖ್ಯಸ್ಥೆ ಅದನ್ನೇ ಇನ್ನೊಮ್ಮೆ, ನಿಧಾನವಾಗಿ ಕೇಳಿದರು. ಇವರು ಮತ್ತೆ ಮೊದಲಿಂದ.

"ಸಂದಾಗಿ ಒಪ್ಪಿಸ್ತಾವ್ಳೆ ಅಲ್ವಾ?" ಎಂದು ಅಜ್ಜಿ ನನ್ನ ತೊಡೆ ತಟ್ಟಿದಳು.

ಉತ್ತರ ಕೊಡಿ, ಅಷ್ಟೇ ಸಾಕು ಎಂದು ನಾನು ಕೂಗಬೇಕಿತ್ತು. ಮೂರನೇ ಸಲ ಕೇಳುವ ಬದಲು ಮುಖ್ಯಸ್ಥೆ ಫೈಲು ಮುಚ್ಚಿ, ಕೈಕುಲುಕಿ ಕಳಿಸಿದರು. ಕೆಲಸ ಇನ್ನೊಬ್ಬರಿಗಾಯಿತು. ಮಾರ್ತಾ ಆಂಟಿ ನನಗೆ ಒಂದು ಮಾತೂ ಅನ್ನಲಿಲ್ಲ. ಹಾಗೆ ಕಲಿಸಿದ್ದು ನನ್ನ ತಪ್ಪು ಎಂದು ನಾನೂ ಬಾಯಿ ಬಿಡಲಿಲ್ಲ.

ಅವರು ಹೊರಟ ದಿನ ಟೆಕ್ಸಾಸಿನ ತಮ್ಮ ಟ್ರಕ್ಕು ತಂದಿದ್ದ. ಸಾಮಾನು ಏರಿಸಿದ ಮೇಲೆ ಮಾರ್ತಾ ಆಂಟಿ ಪಾರ್ಕಿಂಗಿನಲ್ಲಿ ನನ್ನ ಮುಂದೆ ಬಂದು, ಕಣ್ಣಲ್ಲೇ ನಗುತ್ತಾ ಕೈಕಟ್ಟಿಕೊಂಡು ಒಪ್ಪಿಸತೊಡಗಿದರು. ಹನ್ನೆರಡು ಮುಗಿದರೆ ಹೊರಡುತ್ತಾರೆ ಎಂದು ನನಗೆ ಗೊತ್ತಾಯಿತು. ಹನ್ನೊಂದನೆಯದಕ್ಕೆ ಬಂದಾಗ ತಡೆದು, ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತೀರಿ ಎಂದು ಕೇಳಿಬಿಟ್ಟೆ. ಅವರು ಮೊದಲಿಂದ ಶುರುಮಾಡಿದರು. ಮತ್ತೆ ಹನ್ನೊಂದಕ್ಕೆ ತಡೆದೆ. ಮತ್ತೆ ಮೊದಲಿಂದ. ತಮ್ಮ ಹಾರನ್ ಒತ್ತಿದ. ಮೂರನೇ ಸಲ ನಾನು ಬಿಕ್ಕುತ್ತಾ ಕೇಳಿದಾಗ ಅವರು ಕಟ್ಟಿದ್ದ ಕೈ ಬಿಟ್ಟು ನನ್ನ ಮುಖ ಹಿಡಿದುಕೊಂಡರು.

"ಒಂದು, ಮಿಹಾ. ಒಂದೇ ಒಂದು."

ಆಮೇಲೆ ಹನ್ನೆರಡನೇ ವಾಕ್ಯವನ್ನೂ ಹೇಳಿ ಟ್ರಕ್ಕು ಹತ್ತಿದರು.

ಅಜ್ಜಿ ಈಗಿಲ್ಲ. ಮಾರ್ತಾ ಆಂಟಿಯ ಫೋನ್ ನಂಬರು ಎಂದೋ ಬದಲಾಗಿಹೋಯಿತು. ನನ್ನನ್ನು ಮಿಹಾ ಎನ್ನುವವರು ಯಾರೂ ಉಳಿದಿಲ್ಲ. ಓಕ್ಲ್ಯಾಂಡಿನ ಆಫೀಸಿನಲ್ಲಿ ದಿನಕ್ಕೆ ಎಷ್ಟು ಸಲ ಗೆಟ್ ಎನ್ನುತ್ತೇನೋ ಲೆಕ್ಕವಿಲ್ಲ, ನಾಲಿಗೆ ಒಮ್ಮೆಯೂ ತಡೆಯುವುದಿಲ್ಲ. ಮನೆಗೆ ಮರಳುವಾಗ ಫ್ರೀವೇಯಲ್ಲಿ ಒಬ್ಬಳೇ ಆ ಹನ್ನೆರಡನ್ನು ಒಪ್ಪಿಸಿಕೊಳ್ಳುವುದುಂಟು. ಮಧ್ಯೆ ತಡೆದು ಕೇಳುವವರು ಯಾರೂ ಇಲ್ಲ. ಮುಂದಿನ ಎಕ್ಸಿಟ್ ಬರುವುದರೊಳಗೆ ಮುಗಿದುಹೋಗುತ್ತದೆ.