ಎಡಗೈ ನಿಲ್ಲದ ದಿನಗಳು

ಜ್ವರ ಬಿಟ್ಟು ಹದಿನೈದು ದಿನ ಆಗಿತ್ತು. ಬೆಳಿಗ್ಗೆ ಸ್ನಾನ ಮುಗಿಸಿ ಪೂಜೆಗೆ ಕೂತೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಬಲಗೈಯಿಂದ ವಿಭೂತಿ ಹಚ್ಚಲು ಹೋದೆ. ಎಡಗೈ ಅದುರಿತು. ನಿಲ್ಲಿಸಲು ಹೋದಷ್ಟೂ ಇನ್ನೂ ಅದುರಿತು.

ಲಿಂಗ ನೆಲಕ್ಕೆ ಬಿತ್ತು.

ಲಿಂಗಾಯತರ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ದೀಕ್ಷೆಯಲ್ಲಿ ಗುರು ಕೊಟ್ಟ ಲಿಂಗ ಸಾಯುವ ತನಕ ಮೈಮೇಲಿರಬೇಕು. ನೆಲಕ್ಕೆ ಬಿದ್ದರೆ ಪ್ರಾಣವನ್ನೇ ಬಿಡಬೇಕು ಎನ್ನುತ್ತಿದ್ದರು ನಮ್ಮಜ್ಜಿ. ನಾನು ಗುಬ್ಬಿಯ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ. ಆದರೂ ಅಜ್ಜಿಯ ಮಾತೇ ನೆನಪಾಯಿತು. ಯಾರಾದರೂ ನೋಡಿದರೇ ಎಂದು ಮೊದಲು ಬಾಗಿಲ ಕಡೆ ತಿರುಗಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಲಿಂಗವನ್ನು ಎತ್ತಿ ಕೊರಳಲ್ಲಿ ಕಟ್ಟಿಕೊಳ್ಳುವ ಕರಡಿಗೆಯಲ್ಲಿಟ್ಟು ಮುಚ್ಚಿದೆ. ಯಾರಿಗೂ ಹೇಳಲಿಲ್ಲ. ಪ್ರಾಯಶ್ಚಿತ್ತ ಎಂದು ಒಪ್ಪೊತ್ತು ಉಣ್ಣತೊಡಗಿದೆ. ಪೂಜೆಗೆ ಕೂತರೂ ಕರಡಿಗೆಯಿಂದ ಲಿಂಗ ತೆಗೆಯದೆ, ಸುಮ್ಮನೆ ಕಣ್ಣು ಮುಚ್ಚಿ ಕೂತಿದ್ದು ಎದ್ದು ಬರುತ್ತಿದ್ದೆ. ಅಷ್ಟರಲ್ಲಿ ಕಾಲು ಅಗಲಿಸದೆ ನಡೆಯಲಾಗದಂತಾಯಿತು. ಬೋರ್ಡಿನ ಮೇಲೆ ಅಕ್ಷರ ಸೊಟ್ಟಗಾದವು. ಮಾತು ತೊದಲಿತು. "ಒಪ್ಪೊತ್ತು ಸಾಕು ಬುಡೇ, ಗಾಳಿ ಬಂದ್ರೆ ಹಾರೋಗ್ತೀಯ," ಎಂದರು ಅತ್ತೆ. ನಾನು ಎಲ್ಲವನ್ನೂ ಶಿವ ಕೊಟ್ಟ ಶಿಕ್ಷೆ ಎಂದುಕೊಂಡೆ. ಎರಡು ತಿಂಗಳು ಹೀಗೇ ಕಳೆದೆ.

ಒಂದು ದಿನ ಕ್ಲಾಸಿನಲ್ಲೇ ಬಿದ್ದೆ.

ತುಮಕೂರಿನ ಡಾಕ್ಟರು ನರದ ವೀಕ್‌ನೆಸ್ ಎಂದು ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಬರೆದರು. ಗುಣ ಕಾಣಲಿಲ್ಲ. ಕುಣಿಗಲ್‌ನಲ್ಲಿ ನೌಕರಿಯಲ್ಲಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ನಮ್ಮ ಯಜಮಾನರು ರಜೆ ಹಾಕಿ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಅಲ್ಲಿನ ನ್ಯೂರಾಲಜಿಸ್ಟ್, "ನನ್ನ ಬೆರಳು ಮುಟ್ಟಿ, ಆಮೇಲೆ ನಿಮ್ಮ ಮೂಗು ಮುಟ್ಕೊಳ್ಳಿ," ಎಂದರು. ನನ್ನ ಬೆರಳು ಕಣ್ಣಿಗೆ ಹೋಯಿತು. ಬೆನ್ನುಮೂಳೆಯಿಂದ ನೀರು ತೆಗೆದರು. ಬೆಂಗಳೂರಿಗೂ ಆಗಷ್ಟೇ ಬಂದಿದ್ದ ಸಿ.ಟಿ. ಸ್ಕ್ಯಾನ್ ಎಂಬ ಮಷೀನಿನಲ್ಲಿ ಮಲಗಿಸಿದರು. ತಲೆಯಲ್ಲಿ ಗಡ್ಡೆ ಇರಲಿಲ್ಲ.

"ಮೊದ್ಲು ಜ್ವರ ಬಂದಿತ್ತಾ?" ಎಂದು ಕೇಳಿದರು.

"ಬಂದಿತ್ತು."

"ಜ್ವರದ ವಿರುದ್ಧ ಹೋರಾಡಬೇಕಾದ ನಿಮ್ಮ ಇಮ್ಯುನಿಟಿ, ತಪ್ಪಿ ನಿಮ್ಮ ಸೆರೆಬೆಲ್ಲಮ್ ಮೇಲೆ ಬಿದ್ದಿದೆ ಅನ್ಸುತ್ತೆ. ಅಂದ್ರೆ ಕಿರುಮೆದುಳು. ಕೈಕಾಲನ್ನ ಹದದಲ್ಲಿಡೋದು ಅದೇ. ಇದೇ ಅಂತ ಖಚಿತವಾಗಿ ಹೇಳೋ ಟೆಸ್ಟ್ ಇಲ್ಲ. ಸ್ಟೀರಾಯ್ಡ್ ಕೊಟ್ಟು ನೋಡೋಣ." ಆಮೇಲೆ, "ಎರಡು ತಿಂಗಳು ಏನಮ್ಮ ಮಾಡ್ತಿದ್ರಿ? ಬೇಗ ಬರಬೇಕಿತ್ತು," ಎಂದರು.

ಯಜಮಾನರು ನನ್ನ ಮುಖ ನೋಡಿದರು.

"ಸ್ಕೂಲಲ್ಲಿ ಪರೀಕ್ಷೆ ಇತ್ತು," ಎಂದು ಸುಳ್ಳು ಹೇಳಿದೆ.

ಮಾತ್ರೆಗಳಿಂದ ಮುಖ ಬೂದುಗುಂಬಳದ ಹಾಗೆ ಊದಿತು. ನಿದ್ದೆ ಹೋಯಿತು, ಸಿಟ್ಟು ಹೆಚ್ಚಿತು. ತಿಂಗಳುಗಟ್ಟಲೆ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಸಾಕಾಗಿ ಹೋಯಿತು. ಆದರೆ ಮಾತು ಮರಳಿತು. ಗೋಡೆ ಹಿಡಿದು ಬಚ್ಚಲಿಗೆ ಒಬ್ಬಳೇ ಹೋಗುವಂತಾದೆ. ಅಷ್ಟಾದರೂ ಆಯಿತಲ್ಲ ಎಂದು ಡಾಕ್ಟರಿಗೆ ಮನಸ್ಸಿನಲ್ಲೇ ಕೈಮುಗಿದೆ. ಎಡಗೈ ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಇನ್ನು ಆಗುವುದು ಕಷ್ಟ ಎಂದಿದ್ದಾರೆ.

ಹೋದ ತಿಂಗಳು ಪೂಜೆಗೆ ಕೂತಿದ್ದಾಗ ಅತ್ತೆ ಒಳಗೆ ಬಂದರು.

"ಕರಡಿಗೆ ಯಾಕೆ ಬಿಚ್ಚಿಲ್ಲ ನೀನು?"

ಅಳುತ್ತಾ ಎಲ್ಲಾ ಹೇಳಿಬಿಟ್ಟೆ. ಬೈದೇ ಬೈಯುತ್ತಾರೆ ಎಂದು ಕಾದೆ. ಅತ್ತೆ ಮೊಣಕಾಲು ಹಿಡಿದುಕೊಂಡು ಪಕ್ಕದಲ್ಲಿ ಕೂತರು. ನನ್ನ ಎಡ ಅಂಗೈ ಕೆಳಗೆ ತಮ್ಮ ಅಂಗೈ ಕೊಟ್ಟರು.

"ತೆಗಿ," ಎಂದರು.

ಪೂಜೆ ಮುಗಿದ ಮೇಲೆ ಅವರೇ ಬಾಯಿಬಿಟ್ಟರು. "ನಂದೂ ಬಿದ್ದಿತ್ತು ಕಣೇ. ಬಾಣಂತಿ ಸುಸ್ತು, ಕೂತಲ್ಲೇ ತೂಕಡಿಸ್ಬುಟ್ಟೆ. ತೊಳ್ದು ಕಟ್ಕಂಡು ಮುದ್ದೆ ತಿರುವಕ್ಕೆ ಹೋದೆ."

ಇದು ಮೊದಲೇ ಗೊತ್ತಿದ್ದಿದ್ದರೆ ಆ ಎರಡು ತಿಂಗಳು ಹಾಳಾಗುತ್ತಿರಲಿಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. "ಇದನ್ನ ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಾ ಅತ್ತೆ?"

"ಯಾರಿಗೇ ಹೇಳ್ಲಿ? ನಮ್ಮತ್ತೆಗೆ ಹೇಳಕ್ಕಾಗ್ತಿತ್ತಾ?"